ನಾಣ್ಯಕ್ಕೆ ಹುಣಸೆಹುಳಿ ಬೇಡ

ಜಳಕೋಟ, ಉದಗೀರದ ಕಡೆ ಎರೆಹೊಲದಲ್ಲಿ ಕಿಲುಬುಗಟ್ಟಿದ ಹಳೆಯ ನಾಣ್ಯ ಸಿಕ್ಕರೆ ತಕ್ಷಣ ತಿಕ್ಕಲು ಕೂರಬೇಡಿ. ಈ ಸೀಮೆಯನ್ನಾಳಿದ ಬಹಮನಿ ಸುಲ್ತಾನರು ತಾಮ್ರದ ನಾಣ್ಯ ಟಂಕಿಸಿದ್ದರು. ತೇರ್ ಎಂಬ ಊರಿನಲ್ಲಿ ಸಿಕ್ಕ ಶಾತವಾಹನರ ನಾಣ್ಯಗಳು ಇನ್ನೂ ಹಳೆಯವು. ದೇವರ ತಂಬಿಗೆಯನ್ನು ಹುಣಸೆಹುಳಿಯಲ್ಲೇ ಬೆಳಗುತ್ತೇವಲ್ಲ ಎನ್ನಬಹುದು. ಆದರೆ ನಾಣ್ಯದ ಅಕ್ಷರ ಎಷ್ಟೋ ವೇಳೆ ಉಳಿದಿರುವುದು ಆ ಕಿಲುಬಿನ ಪದರದಲ್ಲೇ. ಹುಳಿಗೆ ಕಿಲುಬು ಕರಗಿದರೆ ಸುಲ್ತಾನನ ಹೆಸರೂ ಕರಗುತ್ತದೆ. ಹೊಳಪು ಉಳಿದೀತು, ಚರಿತ್ರೆ ಉಳಿಯದು.

ಹಾಗೆಂದು ಎಲ್ಲ ಹಸಿರೂ ಒಳ್ಳೆಯದಲ್ಲ. ನುಣುಪಾದ ಗಟ್ಟಿ ಹಸಿರು ಲೋಹಕ್ಕೆ ಕವಚ. ಮುಟ್ಟಿದರೆ ಉದುರುವ ತಿಳಿಹಸಿರು ಪುಡಿ ರೋಗ. ಮಣ್ಣಿನ ಉಪ್ಪಿನಿಂದ ಬಂದ ಕ್ಲೋರೈಡ್ ತೇವ ಸಿಕ್ಕಾಗಲೆಲ್ಲ ಲೋಹವನ್ನು ತಿನ್ನುತ್ತದೆ. ಬೋರ್‌ವೆಲ್ ನೀರಿನಲ್ಲೂ ಉಪ್ಪಿರುವುದರಿಂದ ಡಿಸ್ಟಿಲ್ಡ್ ವಾಟರ್‌ನಲ್ಲೇ ನೆನೆಸಿ, ಆಗಾಗ ನೀರು ಬದಲಿಸಿ. ಮೆತ್ತಗಾದ ಮಣ್ಣನ್ನು ಬಿದಿರಕಡ್ಡಿಯಿಂದ ಬಿಡಿಸಿ. ಚೆನ್ನಾಗಿ ಒಣಗಿಸಿ, ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಮುಚ್ಚಿದ ಡಬ್ಬಿಯಲ್ಲಿಡಿ. ಆದರೂ ಪುಡಿ ಮರಳಿ ಬಂದರೆ ಅದು ಮನೆಮದ್ದಿನ ಕೆಲಸವಲ್ಲ, ತಜ್ಞರದು. ಇನ್ನು, 1878ರ ನಿಧಿ ಕಾಯ್ದೆಯಂತೆ ನೆಲದಲ್ಲಿ ಸಿಕ್ಕ 10 ರೂಪಾಯಿಗೆ ಮೀರಿದ ನಿಧಿಯನ್ನು ಜಿಲ್ಲಾಧಿಕಾರಿಗೆ ತಿಳಿಸಲೇಬೇಕು. ಆದ್ದರಿಂದ ಮೊದಲು ವರದಿ, ಆಮೇಲೆ ನೀರು.