ಕಾಲು ಉಳುಕಿದರೆ ಮೊದಲು ಏನು ಮಾಡಬೇಕು?

ಚಳಿಗಾಲ ಬಂತೆಂದರೆ ದೇವಸ್ಥಾನದ ಪಾರ್ಕಿಂಗ್ ಜಾಗದಲ್ಲಿ ಯಾರಾದರೊಬ್ಬರು ಜಾರುವುದು ಇದ್ದದ್ದೇ. ಎರಡು ವರ್ಷಗಳ ಹಿಂದೆ ಆ ಸರದಿ ನಮ್ಮ ಅತ್ತೆಯವರದಾಯಿತು. ಊರಿನಿಂದ ಬಂದು ಮೂರೇ ವಾರವಾಗಿತ್ತು. ಕಾರಿನಿಂದ ಇಳಿಯುವಾಗ ಪಾದ ಮಗುಚಿತು. ನಾವಿಬ್ಬರು ಹಿಡಿದುಕೊಂಡೇ ಮನೆಯೊಳಗೆ ಕರೆತಂದೆವು. ನಾನು ಕೊಬ್ಬರಿ ಎಣ್ಣೆ ಬಿಸಿ ಮಾಡಿ ಚೆನ್ನಾಗಿ ತಿಕ್ಕಿದೆ, ಬಿಸಿನೀರಿನ ಶಾಖವನ್ನೂ ಕೊಟ್ಟೆ. ಆಸ್ಪತ್ರೆಗೆ ಹೋಗೋಣವೆಂದರೆ, "ಉಳುಕಿಗೆಲ್ಲ ಆಸ್ಪತ್ರೆ ಯಾಕಮ್ಮ, ಸುಮ್ಮನೆ ದುಡ್ಡು ದಂಡ" ಎಂದುಬಿಟ್ಟರು. ಬೆಳಗಾಗುವಷ್ಟರಲ್ಲಿ ಕಾಲು ವಿಪರೀತ ಊದಿತ್ತು. ಮೂರನೆಯ ದಿನ ಎಕ್ಸ್‌ರೇ ತೆಗೆಸಿದಾಗ ಮೂಳೆ ಬಿರುಕು ಬಿಟ್ಟಿದ್ದು ತಿಳಿಯಿತು.

ನಾನು ವೈದ್ಯೆಯಲ್ಲ. ಆಗ ಕಲಿತದ್ದನ್ನು ನಿಮ್ಮೊಂದಿಗೆ ಹಂಚಿಕೊಳ್ಳುತ್ತಿದ್ದೇನೆ.

ಉಳುಕು ಎಂದರೇನು?
ಮೂಳೆಗೆ ಮೂಳೆಯನ್ನು ಕಟ್ಟಿರುವ ಗಟ್ಟಿ ಪಟ್ಟಿಗೆ ಲಿಗಮೆಂಟ್ ಎನ್ನುತ್ತಾರೆ. ಅದು ಮಿತಿಮೀರಿ ಎಳೆದರೆ ಅಥವಾ ಹರಿದರೆ ಉಳುಕು. ಪಾದ ಒಳಕ್ಕೆ ಮಗುಚಿದಾಗ ಹೊರಬದಿಯ ಲಿಗಮೆಂಟಿಗೆ ಪೆಟ್ಟು ಬೀಳುತ್ತದೆ. ಸ್ನಾಯುವೋ ಅದನ್ನು ಮೂಳೆಗೆ ಸೇರಿಸುವ ಟೆಂಡನ್ನೋ ಎಳೆದರೆ ಅದು ಬೇರೆ ಬಗೆ. ಹಿಮ ಗೋರುವಾಗ ಸೊಂಟ ಹಿಡಿದುಕೊಳ್ಳುವುದು ಸಾಮಾನ್ಯವಾಗಿ ಇದರಿಂದ. ನಾವು ಎರಡಕ್ಕೂ "ನರ ಹಿಡಿದಿದೆ" ಎಂದುಬಿಡುತ್ತೇವೆ.

ಮೊದಲು ಮೂಳೆಯನ್ನು ಗಮನಿಸಿ
ಯಾವ ಕಾಲಿಗೆ ಎಕ್ಸ್‌ರೇ ಬೇಕು ಎಂದು ತಿಳಿಯಲು ನಮ್ಮ ಕೆನಡಾದ ಒಟ್ಟಾವಾದ ವೈದ್ಯರೇ 1992ರಲ್ಲಿ ಸರಳ ನಿಯಮಗಳನ್ನು ಪ್ರಕಟಿಸಿದರು. ಇಂದು ಅನೇಕ ದೇಶಗಳಲ್ಲಿ ಅವು ಬಳಕೆಯಲ್ಲಿವೆ. ಇವುಗಳಲ್ಲಿ ಒಂದಿದ್ದರೂ ಎಕ್ಸ್‌ರೇ ಬೇಕು:
1. ಬಿದ್ದ ಕೂಡಲೇ ಮತ್ತು ವೈದ್ಯರ ಬಳಿ ಹೋದಾಗ, ಎರಡೂ ಸಲ, ಕುಂಟಿಕೊಂಡಾದರೂ ನಾಲ್ಕು ಹೆಜ್ಜೆ ಇಡಲಾಗದಿರುವುದು.
2. ಕಣಕಾಲಿನ ಎರಡು ಬದಿಯ ಉಬ್ಬುಮೂಳೆಗಳ ತುದಿಯಲ್ಲಿ ಅಥವಾ ಹಿಂಬದಿಯ ಅಂಚಿನಲ್ಲಿ (ತುದಿಯಿಂದ ಮೇಲಕ್ಕೆ 6 ಸೆಂ.ಮೀ.ವರೆಗೆ) ಒತ್ತಿದರೆ ನೋವು.
3. ಪಾದದ ನಡುಭಾಗದಲ್ಲಿ ಕಿರುಬೆರಳಿನ ಕಡೆಯ ಅಂಚಿನ ಮೂಳೆಯನ್ನಾಗಲಿ, ಒಳಬದಿಯ ಮೂಳೆಯನ್ನಾಗಲಿ ಒತ್ತಿದರೆ ನೋವು.

ಐದು ವರ್ಷದೊಳಗಿನ ಮಕ್ಕಳು, ಮೂಳೆ ಸವೆದಿರುವ ಹಿರಿಯರು, ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದಿರುವವರು ಈ ಪರೀಕ್ಷೆಯನ್ನು ನಂಬಿ ಕೂರಬಾರದು, ವೈದ್ಯರಿಗೇ ತೋರಿಸಬೇಕು. ಕಾಲು ಸೊಟ್ಟಗಾಗಿದ್ದರೆ, ಬೆರಳು ತಣ್ಣಗಾಗಿ ನೀಲಿಗಟ್ಟಿದರೆ ಅಥವಾ ಸ್ಪರ್ಶ ತಿಳಿಯದಿದ್ದರೆ ತಡಮಾಡದೆ ಎಮರ್ಜೆನ್ಸಿಗೆ ಹೋಗಿ.

ಬರೀ ಉಳುಕಾಗಿದ್ದರೆ
ಮೊದಲ ಎರಡು ಮೂರು ದಿನ:
• ಕಾಲಿಗೆ ಭಾರ ಬೀಳದಂತೆ ನೋಡಿಕೊಳ್ಳಿ. ಮಲಗಿದಾಗ ದಿಂಬಿಟ್ಟು ಎದೆಗಿಂತ ಎತ್ತರಕ್ಕೆ ಇಡಿ.
• ಎಲಾಸ್ಟಿಕ್ ಬ್ಯಾಂಡೇಜನ್ನು ಬೆರಳಿನ ಕಡೆಯಿಂದ ಮೇಲಕ್ಕೆ ಸುತ್ತಿ. ಬೆರಳು ಜುಮುಗುಟ್ಟಿದರೆ ಸಡಿಲಿಸಿ.
• ನೋವಿಗೆ ಐಸ್ ಇಡಬಹುದು. ಫ್ರೀಜರಿನ ಬಟಾಣಿ ಪೊಟ್ಟಣವನ್ನು ಟವೆಲಿನಲ್ಲಿ ಸುತ್ತಿ 15 ನಿಮಿಷ ಸಾಕು. 1978ರಲ್ಲಿ ವಿಶ್ರಾಂತಿ, ಐಸ್, ಬಿಗಿಪಟ್ಟಿ, ಎತ್ತರ ಎಂಬ ಸೂತ್ರ ಕೊಟ್ಟ ಡಾ. ಗೇಬ್ ಮಿರ್ಕಿನ್ ಅವರೇ, ಐಸ್ ಗುಣವಾಗುವುದನ್ನು ತಡಮಾಡಬಹುದು ಎಂದು ಮುಂದೆ ಹೇಳಿದರು. ಆದ್ದರಿಂದ ಅತಿಯಾಗಿ ಬೇಡ.
• ಬಿಸಿ ಶಾಖ ಮತ್ತು ತಿಕ್ಕುವುದು ಬೇಡ. ಎರಡರಿಂದಲೂ ಊತ ಹೆಚ್ಚಬಹುದು. ನಾನು ಮಾಡಿದ ತಪ್ಪು ಇದೇ.
• ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು, ಮೂತ್ರಪಿಂಡದ ತೊಂದರೆಯಿರುವವರು ಕೇಳದೆ ಐಬುಪ್ರೊಫೆನ್ ನುಂಗಬೇಡಿ.

ಆಮೇಲೆ ಮಲಗಿಯೇ ಇರುವುದೂ ಸರಿಯಲ್ಲ. ನೋವು ತಡೆಯುವಷ್ಟು ಮಟ್ಟಿಗೆ ಕಾಲು ಆಡಿಸಬೇಕು. ಹೆಬ್ಬೆರಳಿನಿಂದ ಗಾಳಿಯಲ್ಲಿ ಅ, ಆ, ಇ, ಈ ಬರೆಯಿರಿ, ಮಕ್ಕಳಿಗೆ ಕನ್ನಡ ಪಾಠವೂ ಆಯಿತು! ನಡಿಗೆ ಸರಿಹೋದ ಮೇಲೆ ಅಡುಗೆಮನೆ ಕಟ್ಟೆ ಹಿಡಿದು ಒಂಟಿಕಾಲಿನಲ್ಲಿ ನಿಲ್ಲುವ ಅಭ್ಯಾಸ ಮಾಡಿದರೆ ಮತ್ತೆ ಉಳುಕುವ ಸಂಭವ ಕಡಿಮೆಯಾಗುತ್ತದೆ. ಭರತನಾಟ್ಯ ಕಲಿಯುವ ಮಕ್ಕಳು ನೋವಿಲ್ಲದೆ ಒಂಟಿಕಾಲಿನಲ್ಲಿ ಕುಪ್ಪಳಿಸುವವರೆಗೆ ತಟ್ಟಡವು ಬೇಡ. ಊತ ಇಳಿದ ಮೇಲೆ ಅಜ್ಜಿಯ ಎಣ್ಣೆಯನ್ನು ಮೃದುವಾಗಿ ಹಚ್ಚಲು ಅಡ್ಡಿಯಿಲ್ಲ. ವಾರವಾದರೂ ಕಡಿಮೆಯಾಗದಿದ್ದರೆ ವೈದ್ಯರಿಗೆ ತೋರಿಸಿ.

ಕೊನೆಗೊಂದು ಮಾತು. ಭೇಟಿಗೆ ಬರುವ ಅಪ್ಪ ಅಮ್ಮಂದಿರಿಗೆ ಇಲ್ಲಿನ ಪ್ರಾಂತ್ಯದ ಆರೋಗ್ಯ ವಿಮೆ ಅನ್ವಯಿಸುವುದಿಲ್ಲ. ಅವರು ವಿಮಾನ ಹತ್ತುವ ಮೊದಲೇ ಪ್ರವಾಸಿ ವಿಮೆ ಮಾಡಿಸಿ, ಅದರ ಫೋನ್ ನಂಬರನ್ನು ಫ್ರಿಜ್ ಬಾಗಿಲಿಗೆ ಅಂಟಿಸಿ. ನಾವೂ ಮಾಡಿಸಿದ್ದೆವು, ಆದರೆ ಅತ್ತೆಯವರಿಗೆ ಆ ವಿಷಯ ಹೇಳಿರಲಿಲ್ಲ. ಹಿರಿಯರನ್ನು "ನೋವಿದೆಯಾ?" ಎಂದು ಕೇಳಿದರೆ ಮಕ್ಕಳ ಖರ್ಚಿಗೆ ಹೆದರಿ "ಏನಿಲ್ಲ" ಎನ್ನುತ್ತಾರೆ. ಹಾಗೆ ಕೇಳುವ ಬದಲು, "ನಾಲ್ಕು ಹೆಜ್ಜೆ ಇಡಲು ಆಗುತ್ತದೆಯೇ, ನೋಡೋಣ" ಎನ್ನಿ.