ದೂರ ದೇಶದಲ್ಲಿ ನಮ್ಮ ಸ್ವಾತಂತ್ರ್ಯದ ಕೆಲಸ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ. ಯಾವ ಊರಿಗೆ ಹೋದರೂ ಒಂದು ಮಾತು ಕೇಳುತ್ತೀರಿ. "ಮಗ ಮುಂಬಯಿಯಲ್ಲಿದ್ದಾನೆ." "ಅಳಿಯ ದುಬಾಯಿಯಲ್ಲಿದ್ದಾನೆ." ಒಂದು ದಿನ ನಮ್ಮ ಕಲಿಕಾ ಕೇಂದ್ರದಲ್ಲಿ ಒಬ್ಬ ಅಕ್ಕ ಕೇಳಿದರು:

"ಟೀಚರೇ, ದೂರ ಹೋದವರು ಊರಿಗೆ ಹಣ ಕಳಿಸ್ತಾರೆ. ಬೇರೆ ಎಂತ ಮಾಡ್ಲಿಕ್ಕೆ ಆಗ್ತದೆ ಅವರಿಗೆ?"

ಆ ಅಕ್ಕನಿಗೆ ನಾನು ಹೇಳಿದ ಸಂಗತಿ ಇದು. ನಿಜವಾಗಿ ನಡೆದದ್ದು.

ನಾರಾಯಣ ಸುಬ್ಬರಾವ್ ಹರ್ಡೀಕರ್ ಧಾರವಾಡದವರು. 1889ರಲ್ಲಿ ಹುಟ್ಟಿದರು. ವೈದ್ಯ ವಿದ್ಯೆ ಕಲಿತರು. ಇನ್ನೂ ಓದಬೇಕೆಂದು ಹಡಗು ಹತ್ತಿ ಅಮೆರಿಕಕ್ಕೆ ಹೋದರು. ಆಗ ನಮ್ಮ ದೇಶವನ್ನು ಬ್ರಿಟಿಷರು ಆಳುತ್ತಿದ್ದರು. ಇಲ್ಲಿ ಸರಕಾರದ ವಿರುದ್ಧ ಬರೆದರೆ ಪತ್ರಿಕೆ ನಿಲ್ಲುತ್ತಿತ್ತು. ಬರೆದವರಿಗೆ ಜೈಲು.

ಅಮೆರಿಕದಲ್ಲಿ ಆಗಲೇ ಭಾರತದ ಜನ ಇದ್ದರು. ಹೊಲದಲ್ಲಿ ದುಡಿಯುವ ಪಂಜಾಬಿನವರೇ ಹೆಚ್ಚು. ಅವರಲ್ಲಿ ಹಲವರು 1913ರಲ್ಲಿ ಗದರ್ ಪಕ್ಷ ಕಟ್ಟಿದ್ದರು. ಗದರ್ ಎಂದರೆ ದಂಗೆ. ಆಯುಧ ಹಿಡಿದೇ ಬ್ರಿಟಿಷರನ್ನು ಓಡಿಸಬೇಕು ಎಂದು ಅವರ ಹಟ.

ಹರ್ಡೀಕರರ ದಾರಿ ಬೇರೆ. ಪಂಜಾಬಿನ ನಾಯಕ ಲಾಲಾ ಲಜಪತ ರಾಯರು ಆಗ ಅಮೆರಿಕದಲ್ಲಿದ್ದರು. 1917ರಲ್ಲಿ ನ್ಯೂಯಾರ್ಕ್ ನಗರದಲ್ಲಿ ಹೋಂ ರೂಲ್ ಲೀಗ್ ಎಂಬ ಸಂಘ ಹುಟ್ಟಿತು. ಹೋಂ ರೂಲ್ ಅಂದರೆ ನಮ್ಮ ಮನೆಗೆ ನಮ್ಮದೇ ಆಡಳಿತ. ಲಾಲಾಜಿಯ ಜೊತೆ ಹರ್ಡೀಕರರು ಅದರಲ್ಲಿ ದುಡಿದರು. ಸಭೆ ಮಾಡುವುದು, ಭಾಷಣ ಮಾಡುವುದು, ಸದಸ್ಯರನ್ನು ಸೇರಿಸುವುದು ಅವರ ಕೆಲಸ. 1918ರಿಂದ 'ಯಂಗ್ ಇಂಡಿಯಾ' ಎಂಬ ಪತ್ರಿಕೆಯನ್ನೂ ಸಂಘ ಹೊರಡಿಸಿತು. (ಗಾಂಧೀಜಿಯ ಪತ್ರಿಕೆಗೂ ಇದೇ ಹೆಸರು. ಅದು ಬೇರೆ, ಇದು ಬೇರೆ.) ಭಾರತದ ಕಷ್ಟ ಅಮೆರಿಕದ ಜನರಿಗೆ ಗೊತ್ತಾಗಬೇಕು. ಅದೇ ಅವರ ಗುರಿ.

ಅದೇ ಕಾಲಕ್ಕೆ ಅಮೆರಿಕದಲ್ಲಿ ಲಿಥುವೇನಿಯಾದ ಜನರೂ ಇದ್ದರು. ಅದು ಯುರೋಪಿನ ಒಂದು ಸಣ್ಣ ದೇಶ. ಗಣಿಗಳಲ್ಲಿ, ಕಾರ್ಖಾನೆಗಳಲ್ಲಿ ದುಡಿಯುವ ಬಡವರೇ ಅವರಲ್ಲಿ ಹೆಚ್ಚು. 'ನಮ್ಮ ದೇಶ ಸ್ವತಂತ್ರ ಎಂದು ಒಪ್ಪಿಕೊಳ್ಳಿ' ಎಂದು ಅವರು ಅಮೆರಿಕದ ಅಧ್ಯಕ್ಷರಿಗೆ 1921ರಲ್ಲಿ ಒಂದು ಮನವಿ ಕೊಟ್ಟರು. ಅದರಲ್ಲಿ ಎಷ್ಟು ಸಹಿ ಗೊತ್ತೇ? ಸುಮಾರು 10 ಲಕ್ಷ! ಮರುವರ್ಷ ಅಮೆರಿಕ ಒಪ್ಪಿಕೊಂಡಿತು. ಇದನ್ನು ಹೇಳಿದಾಗ ನಮ್ಮ ಅಕ್ಕಂದಿರು ತಮ್ಮ ಸಹಿಯನ್ನು ಇನ್ನೊಮ್ಮೆ ನೋಡಿಕೊಂಡರು.

ಹರ್ಡೀಕರರು 1921ರಲ್ಲಿ ಊರಿಗೆ ಮರಳಿದರು. ಡಾಕ್ಟರಾಗಿ ಹಣ ಮಾಡಬಹುದಿತ್ತು. ಮಾಡಲಿಲ್ಲ. ಹುಬ್ಬಳ್ಳಿಯಲ್ಲಿ ಯುವಕರನ್ನು ಕೂಡಿಸಿದರು. ಶಿಸ್ತು ಕಲಿಸಿದರು. 1923ರಲ್ಲಿ ಹಿಂದೂಸ್ತಾನಿ ಸೇವಾದಳ ಶುರುವಾಯಿತು.

"ಅದರಲ್ಲಿ ಹೆಂಗಸರು ಇರ್ಲಿಲ್ವಾ?" ಅಕ್ಕ ಬಿಡಲಿಲ್ಲ.

ಇದ್ದರು! ಹೆಂಗಸರ ದಳ ನಡೆಸಿದವರು ನಮ್ಮ ಮಂಗಳೂರಿನಲ್ಲೇ ಹುಟ್ಟಿದ ಉಮಾಬಾಯಿ ಕುಂದಾಪುರ. ಅವರಿಗೆ ಚಿಕ್ಕ ಪ್ರಾಯದಲ್ಲೇ ಮದುವೆ. ಮದುವೆಯಾದ ಮೇಲೆ ಓದು ಮುಂದುವರಿಸಿದರು. ಸೊಸೆಯ ಓದಿಗೆ ಮಾವನೇ ಬೆಂಬಲ. ಗಂಡ ಬೇಗ ತೀರಿಕೊಂಡರು. ಆದರೆ ಉಮಾಬಾಯಿ ಮೂಲೆ ಹಿಡಿದು ಕೂರಲಿಲ್ಲ. 1924ರಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ಆಯಿತು. ಗಾಂಧೀಜಿ ಅಧ್ಯಕ್ಷರು. ಉಮಾಬಾಯಿ ಊರೂರು ಸುತ್ತಿ, 150ಕ್ಕೂ ಹೆಚ್ಚು ಹೆಂಗಸರನ್ನು ಸ್ವಯಂಸೇವೆಗೆ ಕರೆತಂದರು. ಅವರಲ್ಲಿ ವಿಧವೆಯರೂ ಇದ್ದರು. ಹೊಸಿಲು ದಾಟಬಾರದು ಎನ್ನಿಸಿಕೊಂಡವರು ಅವರು.

1932ರಲ್ಲಿ ಸರಕಾರ ಸೇವಾದಳವನ್ನು ನಿಷೇಧಿಸಿತು. ಉಮಾಬಾಯಿಯವರನ್ನು ಯರವಾಡಾ ಜೈಲಿಗೆ ಹಾಕಿತು. ಹೋರಾಟಕ್ಕೆ ಹೋಗಿ ಜೈಲು ಕಂಡ ಹೆಂಗಸರಲ್ಲಿ ಕೆಲವರಿಗೆ ಬಿಡುಗಡೆಯಾದ ಮೇಲೆ ಹೋಗಲು ಮನೆ ಇರಲಿಲ್ಲ. ಉಮಾಬಾಯಿ ಅವರನ್ನು ತಮ್ಮ ಸಣ್ಣ ಮನೆಯಲ್ಲಿ ಇಟ್ಟುಕೊಂಡರು. ಊಟ ಹಾಕಿದರು. ಊರಿಗೆ ಹೋಗಲು ದಾರಿ ಖರ್ಚು ಕೊಟ್ಟರು.

ಮಾತಾಡಿ: ನಿಮ್ಮ ಮನೆಯಿಂದ ದೂರ ಹೋದವರು ಯಾರು? ಅವರಿಗೆ ಊರಿನ ಯಾವ ಸುದ್ದಿ ಬರೆಯುತ್ತೀರಿ? ನಾಲ್ಕು ಸಾಲು ಬರೆದು, ಕೆಳಗೆ ಸಹಿ ಹಾಕಿ.