ಹಬ್ಬದ ಖರ್ಚು: ಕೊಳ್ಳುವ ಮೊದಲೇ ಮಾತಾಗಲಿ

ಗೌರಿ-ಗಣೇಶ ಮುಗಿಯಿತು ಅನ್ನುವಷ್ಟರಲ್ಲಿ ನವರಾತ್ರಿ, ಅದರ ಬೆನ್ನಿಗೇ ದೀಪಾವಳಿ. ಊರಿನಲ್ಲಾದರೆ ತುಳಸಿ ಹಬ್ಬದ ಹೊತ್ತಿಗೆ ಖರ್ಚಿನ ಭರಾಟೆ ಇಳಿಯುತ್ತಿತ್ತು. ಅಮೆರಿಕದಲ್ಲಿ ಅದು ಏರುವುದೇ ಆಮೇಲೆ. ನವೆಂಬರ್ ನಾಲ್ಕನೇ ಗುರುವಾರ ಥ್ಯಾಂಕ್ಸ್‌ಗಿವಿಂಗ್, ಮರುದಿನ ಬ್ಲ್ಯಾಕ್ ಫ್ರೈಡೇ, ಆಮೇಲೆ ಕ್ರಿಸ್‌ಮಸ್, ಮಕ್ಕಳ ಶಾಲೆಗೆ ರಜೆ, ಊರಿಗೆ ಹೋಗುವುದಾದರೆ ವರ್ಷದಲ್ಲೇ ದುಬಾರಿಯಾದ ಟಿಕೆಟ್. ಹೊಸದಾಗಿ ಬಂದ ಸಂಸಾರಕ್ಕೆ ಇದೇ ಹೊತ್ತಿನಲ್ಲಿ ಚಳಿಗಾಲದ ಜಾಕೆಟ್, ಬೂಟು, ಸೋಫಾ, ಹಳೇ ಕಾರಿಗೆ ಟೈರು, ಎಲ್ಲವೂ ಒಟ್ಟಿಗೆ ಬೇಕಾಗುತ್ತವೆ. ಪರದೇಶದಲ್ಲಿ ಗಂಡ-ಹೆಂಡಿರ ಮೊದಲ ದೊಡ್ಡ ಜಗಳ ಈ ತಿಂಗಳುಗಳಲ್ಲೇ ಆದರೆ ಆಶ್ಚರ್ಯವೇನಿಲ್ಲ.

ಜಗಳ ಮೇಲ್ನೋಟಕ್ಕೆ ದುಡ್ಡಿನದು. ಒಳಗೆ ಬೇರೆಯೇ ಇರುತ್ತದೆ. ಯಜಮಾನರು ಶುಕ್ರವಾರ ಬೆಳಗಿನ ಜಾವ ಸಾಲಿನಲ್ಲಿ ನಿಂತು ದೊಡ್ಡ ಟಿವಿ ತಂದರು ಅನ್ನಿ.

“ಎಷ್ಟು ಉಳೀತು ಗೊತ್ತಾ? ಮುನ್ನೂರು ಡಾಲರ್!”

“ಉಳಿದದ್ದು ಇರಲಿ ರೀ, ಕೊಟ್ಟಿದ್ದೆಷ್ಟು?”

“ಐನೂರು.”

“ಮೊನ್ನೆ ಅಮ್ಮನ ಕಣ್ಣಿನ ಆಪರೇಷನ್ನಿಗೆ ಒಂದಿಷ್ಟು ಕಳಿಸೋಣ ಅಂದಾಗ, ಮುಂದಿನ ತಿಂಗಳು ನೋಡೋಣ ಅಂದ್ರಿ.”

ಅಲ್ಲಿಗೆ ಟಿವಿಯ ಮಾತು ಮುಗಿಯಿತು. ಇನ್ನು ಮುಂದಿನದೆಲ್ಲ ನಿಮ್ಮ ಕಡೆಯವರು, ನಮ್ಮ ಕಡೆಯವರು ಅನ್ನುವ ಹಳೇ ಲೆಕ್ಕ.

ಆದ್ದರಿಂದ ಮೊದಲು ಕೂತು ಮಾತಾಡಬೇಕಾದದ್ದು ಊರಿನ ಖರ್ಚು. ಎರಡೂ ಮನೆಗೆ ಎಷ್ಟು ಕಳಿಸುವುದು, ಯಾವ ಮದುವೆ-ಗೃಹಪ್ರವೇಶಕ್ಕೆ ಎಷ್ಟು ಮುಯ್ಯಿ, ಅಕ್ಕ-ತಂಗಿಯರಿಗೆ ಸೀರೆಯೋ ಹಣವೋ ಎಂಬುದನ್ನು ಸೇಲ್ ಶುರುವಾಗುವ ಮೊದಲೇ ಒಂದು ಹಾಳೆಯ ಮೇಲೆ ಬರೆದುಕೊಳ್ಳಿ. ಎರಡು ಕಡೆಗೂ ಸರಿಸಮ ಇರಲೇಬೇಕೆಂಬ ಹಟ ಬೇಡ. ಒಬ್ಬರ ತಂದೆಗೆ ಪಿಂಚಣಿ ಬರುತ್ತಿರಬಹುದು, ಇನ್ನೊಬ್ಬರ ಮನೆಯಲ್ಲಿ ಔಷಧಿಗೇ ಅರ್ಧ ಹಣ ಹೋಗುತ್ತಿರಬಹುದು. ಹೆಚ್ಚುಕಮ್ಮಿ ಇದ್ದರೆ ಅದು ಇಬ್ಬರಿಗೂ ಗೊತ್ತಿದ್ದು ಒಪ್ಪಿ ಆದದ್ದಾಗಿರಲಿ. ಕದ್ದು ಕಳಿಸಿದ ನೂರು ಡಾಲರ್, ಕೇಳಿ ಕಳಿಸಿದ ಸಾವಿರಕ್ಕಿಂತ ದುಬಾರಿ ಬೀಳುತ್ತದೆ. ಇನ್ನೊಂದು ಮಾತು: ಗೌರಿ ಹಬ್ಬಕ್ಕೆ ಮಗಳಿಗೆಂದು ತವರಿನವರು ಬಾಗಿನದ ದುಡ್ಡು ಹಾಕಿದ್ದರೆ ಅದು ಆಕೆಯದು. ಮನೆಯ ಬಜೆಟ್ಟಿಗೆ ಅದನ್ನು ಸೇರಿಸುವ ಯೋಚನೆ ಬೇಡ.

ಕಳಿಸುವ ದಾರಿಯೂ ಗೊತ್ತಿರಲಿ. 2026ರ ಜನವರಿ 1ರಿಂದ ಇಲ್ಲಿಂದ ಹೊರದೇಶಕ್ಕೆ ನಗದು, ಮನಿ ಆರ್ಡರ್, ಕ್ಯಾಷಿಯರ್ಸ್ ಚೆಕ್ ಕೊಟ್ಟು ಹಣ ಕಳಿಸಿದರೆ ಶೇ. 1 ತೆರಿಗೆ ಇದೆ. ಅಮೆರಿಕದ ನಿಮ್ಮ ಬ್ಯಾಂಕ್ ಖಾತೆಯಿಂದ ಅಥವಾ ಇಲ್ಲಿನ ಡೆಬಿಟ್ ಕಾರ್ಡಿನಿಂದ ಕಳಿಸಿದರೆ ಅದು ಬೀಳುವುದಿಲ್ಲ. ಊರಿಗೆ ಹೋಗುವವರು ಎಲ್ಲರಿಗೂ ಲ್ಯಾಪ್‌ಟಾಪ್ ಒಪ್ಪಿಕೊಂಡು ಬರಬೇಡಿ. 18 ವರ್ಷ ತುಂಬಿದ ಪ್ರಯಾಣಿಕರೊಬ್ಬರಿಗೆ ಕಸ್ಟಮ್ಸ್ ಸುಂಕವಿಲ್ಲದೆ ಬಿಡುವುದು ಒಂದೇ ಲ್ಯಾಪ್‌ಟಾಪ್.

ಸಂಗಾತಿಯ ಕೆಲಸದ ವೀಸಾ ಆಧರಿಸಿ ಎಚ್-4 ವೀಸಾದಲ್ಲಿ ಬಂದವರ ಮಾತನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು. 2015ರ ಮೇ ತಿಂಗಳಿನಿಂದ ಎಚ್-4ನವರಲ್ಲಿ ಕೆಲವರಿಗೆ ಕೆಲಸದ ಪರವಾನಗಿ ಸಿಗುತ್ತಿದೆ, ಆದರೆ ಸಾಮಾನ್ಯವಾಗಿ ಸಂಗಾತಿಯ ಗ್ರೀನ್ ಕಾರ್ಡಿಗೆ ಸಂಬಂಧಿಸಿದ ಐ-140 ಅರ್ಜಿ ಮಂಜೂರಾದ ಮೇಲೆ. ಹೊಸದಾಗಿ ಬಂದವರ ಪೈಕಿ ಹೆಚ್ಚಿನವರಿಗೆ ಅದು ದೂರದ ಮಾತು. ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಸ್ವಂತ ಸಂಬಳ ಎಣಿಸುತ್ತಿದ್ದವರು ಇಲ್ಲಿ ಒಂದು ಲಿಪ್‌ಸ್ಟಿಕ್ಕಿಗೂ ಗಂಡನ ಮುಖ ನೋಡುವಂತಾಗುತ್ತದೆ. ಹೆಂಡತಿಯ ವೀಸಾದ ಮೇಲೆ ಬಂದ ಗಂಡಸರ ಪಾಡೂ ಅದೇ, ಅವರು ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೆ. ಖಾತೆ ಜಂಟಿಯಾಗಿರಲಿ, ಸೋಷಿಯಲ್ ಸೆಕ್ಯುರಿಟಿ ನಂಬರ್ ಇಲ್ಲದಿದ್ದರೂ ಪಾಸ್‌ಪೋರ್ಟ್ ನೋಡಿ ಖಾತೆ ತೆರೆಯುವ ಬ್ಯಾಂಕುಗಳಿವೆ. ತಿಂಗಳಿಗೆ ಐವತ್ತೋ ನೂರೋ, ಇಬ್ಬರಿಗೂ ಒಂದೇ ಮೊತ್ತ, ಯಾರೂ ಲೆಕ್ಕ ಕೇಳಬಾರದ ಹಣ ಅಂತ ತೆಗೆದಿಡಿ. ಅದರಲ್ಲಿ ಅವರು ಕ್ರಿಕೆಟ್ ಬ್ಯಾಟೇ ಕೊಳ್ಳಲಿ, ಮೂಗುಬೊಟ್ಟೇ ಕೊಳ್ಳಲಿ. ಅದರಾಚೆ ಇಷ್ಟು ಡಾಲರ್ ದಾಟಿದ ಯಾವುದನ್ನೇ ಆಗಲಿ ಕೊಳ್ಳುವ ಮೊದಲು ಒಂದು ಫೋನ್ ಎಂದು ಮಾತಾಗಿರಲಿ. ಅನುಮತಿ ಕೇಳುವ ಫೋನ್ ಅಲ್ಲ ಅದು, ತಿಳಿಸುವ ಫೋನ್. ದುಡಿಯುವವರೂ ಮಾಡಬೇಕು.

ಕಾರ್ಡಿನ ವಿಷಯಕ್ಕೆ ಬರೋಣ. ಭಾರತದ ನಿಮ್ಮ ಸಾಲದ ಚರಿತ್ರೆ ಸಾಮಾನ್ಯವಾಗಿ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಎಲ್ಲ ಸೊನ್ನೆಯಿಂದ ಶುರು. ಅಂಥವರಿಗೆ ಅಂಗಡಿಯ ಕೌಂಟರಿನಲ್ಲಿ ನಗುನಗುತ್ತಾ ಕೇಳುತ್ತಾರೆ: ನಮ್ಮ ಕಾರ್ಡ್ ತಗೊಂಡರೆ ಇವತ್ತಿನ ಬಿಲ್ಲಿನಲ್ಲಿ ಶೇ. 10 ಕಡಿತ. ಇಂಥ ಅಂಗಡಿ ಕಾರ್ಡುಗಳ ಬಡ್ಡಿ ವರ್ಷಕ್ಕೆ ಶೇ. 30ರ ಆಸುಪಾಸು ಇರುವುದುಂಟು. 1,500 ಡಾಲರ್ ಬಾಕಿ ಉಳಿಸಿಕೊಂಡು ತಿಂಗಳಿಗೆ 50 ಕಟ್ಟುತ್ತಾ ಹೋದರೆ ಮೊದಲ ತಿಂಗಳಲ್ಲಿ ಸುಮಾರು 37 ಡಾಲರ್ ಬಡ್ಡಿಗೇ ಹೋಗುತ್ತದೆ. ಸಾಲ ತೀರುವಾಗ ನಾಲ್ಕೂವರೆ ವರ್ಷ ದಾಟಿರುತ್ತದೆ, ಕಟ್ಟಿದ್ದು 2,800ರ ಹತ್ತಿರ. ಆವತ್ತು ಉಳಿದದ್ದು 150! ಸೋಫಾ ಅಂಗಡಿಯ “12 ತಿಂಗಳು ಬಡ್ಡಿ ಇಲ್ಲ” ಎಂಬ ಬೋರ್ಡಿನ ಕೆಳಗಿನ ಸಣ್ಣಕ್ಷರ ಓದಿ. ಅವಧಿಯೊಳಗೆ ಪೂರ್ತಿ ಕಟ್ಟದಿದ್ದರೆ ಕೊಂಡ ದಿನದಿಂದಲೇ ಬಡ್ಡಿ ಹಾಕುವ ಷರತ್ತು ಎಷ್ಟೋ ಕಡೆ ಇರುತ್ತದೆ. ಮೊದಲ ಚಳಿಗಾಲವನ್ನು ಸೆಕೆಂಡ್ ಹ್ಯಾಂಡ್ ಸೋಫಾದ ಮೇಲೆ ಕಳೆದರೆ ಮಾನವೇನೂ ಹೋಗುವುದಿಲ್ಲ. ಈ ಊರು ಬಿಟ್ಟು ಹೋಗುವವರು ನಮ್ಮ ಕನ್ನಡ ಕೂಟದ ಗುಂಪಿನಲ್ಲಿ ಮಂಚ-ಮೇಜು ಸುಮ್ಮನೆ ಕೊಟ್ಟು ಹೋಗುವುದೂ ಉಂಟು, ಕೇಳಿ ನೋಡಿ.

ಇನ್ನು ಇಲ್ಲಿನ ರಿವಾಜುಗಳು. ಆಫೀಸಿನ ಸೀಕ್ರೆಟ್ ಸಾಂಟಾಕ್ಕೆ ಮಿತಿ ಮೊದಲೇ ಹೇಳಿರುತ್ತಾರೆ. ಅದನ್ನು ಮೀರಿ ಕೊಡುವುದು ಔದಾರ್ಯವಲ್ಲ, ಎದುರಿನವರಿಗೆ ಮುಜುಗರ. ಮಕ್ಕಳ ಟೀಚರಿಗೆ ಸಣ್ಣದೊಂದು ಗಿಫ್ಟ್ ಕಾರ್ಡ್, ಮಗು ಕೈಯಾರೆ ಬರೆದ ಚೀಟಿ ಸಾಕು. ಅಂಚೆಯವರಿಗೆ ನಗದು ಕೊಡಬೇಡಿ, ನಿಯಮದ ಪ್ರಕಾರ ಅವರು ತೆಗೆದುಕೊಳ್ಳುವ ಹಾಗಿಲ್ಲ. ಒಮ್ಮೆಗೆ 20 ಡಾಲರ್ ಮೀರದ ವಸ್ತುವಾದರೆ ಅಡ್ಡಿಯಿಲ್ಲ. ನಮ್ಮವರ ಪೈಪೋಟಿ ಇದಕ್ಕಿಂತ ಕೆಟ್ಟದ್ದು. ದಸರಾ ಗೊಂಬೆ ನೋಡಲು ಬಂದವರಿಗೆ ಅರಿಶಿನ-ಕುಂಕುಮ, ಒಂದು ಹಣ್ಣು ಕೊಡುತ್ತಿದ್ದ ಪದ್ಧತಿ ಇಲ್ಲಿ ಹಿತ್ತಾಳೆ ಬಟ್ಟಲು, ಕಸೂತಿ ಚೀಲದವರೆಗೆ ಬೆಳೆದಿದೆ. ಮೂವತ್ತು ಮನೆಗೆ ಹಂಚುವುದೆಂದರೆ ಒಂದು ವಾರದ ದಿನಸಿ ಖರ್ಚು. ಹೊಸಬರು ಆ ಸ್ಪರ್ಧೆಗೆ ಇಳಿಯಬೇಡಿ, ಹಳಬರು ಅದನ್ನು ನಿಲ್ಲಿಸಿದರೆ ಇನ್ನೂ ಒಳ್ಳೆಯದು.

ಲೆಕ್ಕ ಹಾಕುವಾಗ ಜನವರಿಯನ್ನು ಮರೆಯಬೇಡಿ. ಹೆಚ್ಚಿನ ಆರೋಗ್ಯ ವಿಮೆಗಳಲ್ಲಿ ಡಿಡಕ್ಟಿಬಲ್, ಅಂದರೆ ವಿಮೆಯವರು ಕೊಡುವ ಮೊದಲು ನಾವೇ ಭರಿಸಬೇಕಾದ ಮೊತ್ತ, ಜನವರಿ 1ಕ್ಕೆ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ಮಗುವಿಗೆ ಜ್ವರ ಬಂದರೆ ಡಾಕ್ಟರ ಬಿಲ್ಲು ನಿಮ್ಮ ಕೈಯಿಂದಲೇ ಹೋಗಬಹುದು. ಡಿಸೆಂಬರಿನ ಬಜೆಟ್ಟಿನಲ್ಲಿ ಅದಕ್ಕೊಂದು ಪಾಲು ಎತ್ತಿಡಿ. ಕೊಂಡದ್ದರ ರಸೀದಿ, ಡಬ್ಬ ಇಟ್ಟುಕೊಳ್ಳಿ. ಹಬ್ಬದ ಖರೀದಿಯನ್ನು ಜನವರಿಯವರೆಗೂ ವಾಪಸ್ ಪಡೆಯುವ ಅಂಗಡಿಗಳು ಎಷ್ಟೋ ಇವೆ. ದುಡುಕಿ ಟಿವಿ ತಂದವರಿಗೂ ದಾರಿ ಮುಚ್ಚಿಲ್ಲ.

ಮಾತಿಗೆ ಕೂರುವುದು ಶನಿವಾರದ ಕಾಫಿ ಹೊತ್ತಿಗಾಗಲಿ, ಅಂಗಡಿಯ ಪಾರ್ಕಿಂಗ್ ಲಾಟಿನಲ್ಲಿ ಬೇಡ. ಊರಿಗೆ ವಿಡಿಯೋ ಕಾಲ್ ಮುಗಿದ ಕೂಡಲೇ ಅಂತೂ ಬೇಡವೇ ಬೇಡ. ಒಬ್ಬರು ಪ್ರತಿ ಡಾಲರನ್ನೂ ರೂಪಾಯಿಗೆ ಗುಣಿಸುತ್ತಿರುತ್ತಾರೆ, ಇನ್ನೊಬ್ಬರು ಅದನ್ನು ಬಿಟ್ಟು ಬಹಳ ದಿನವಾಗಿರುತ್ತದೆ. ಗುಣಿಸುವವರನ್ನು ಜಿಪುಣರೆಂದು ಹಂಗಿಸಬೇಡಿ. ಊರಿಗೆ ಕಳಿಸುವ ಲೆಕ್ಕ ಅವರಿಂದ ಆಗುತ್ತದೆ, ಇಲ್ಲಿನ ಲೆಕ್ಕ ಇನ್ನೊಬ್ಬರು ನೋಡಿಕೊಳ್ಳಲಿ.

ಕೂಟದ ದೀಪಾವಳಿ ಪಾಟ್‌ಲಕ್ಕಿಗೆ ಬರುವಾಗ ಒಂದು ಪಾತ್ರೆ ಚಿತ್ರಾನ್ನವೋ ಕೋಸಂಬರಿಯೋ ತಂದರೆ ಸಾಕು. ದಯವಿಟ್ಟು ಉಡುಗೊರೆ ತರಬೇಡಿ.